ದುಡಿಯುತ್ತ ಕಲಿತ ಉದ್ಯಾನಶಿಲ್ಪಿ

ನಡುವಯಸ್ಸಿನ ಮನುಷ್ಯನೊಬ್ಬ ಹೊಸ ವಿದ್ಯೆಯೊಂದಕ್ಕೆ ಕೈಹಚ್ಚಿದರೆ ಲೋಕವು ಅವನನ್ನು ಎರಡು ಬಗೆಯಲ್ಲಿ ನೋಡುತ್ತದೆ. ಮನೆಯವರು ಇವನಿಗೇನೋ ಆಗಿದೆಯೆಂದು ಚಿಂತಿಸುತ್ತಾರೆ, ಹೊರಗಿನವರು ಮುಗುಳುನಗುತ್ತಾರೆ. ಹೊನ್ನಾವರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆಯ ಅಧ್ಯಾಪಕನಾದ ನಾನು, ನನ್ನ ನಲವತ್ತೆರಡನೆಯ ವಯಸ್ಸಿನಲ್ಲಿ ಉದ್ಯಾನಶಿಲ್ಪವನ್ನು ಕಲಿಯಬೇಕು, ಸಾಧ್ಯವಾದರೆ ಮುಂದೆ ಅದನ್ನೇ ವೃತ್ತಿಯಾಗಿ ಹಿಡಿಯಬೇಕು ಎಂದು ಹೊರಟಾಗ ಈ ಎರಡನ್ನೂ ಕಂಡೆ. ನೆಲದ ಇಳಿಜಾರು, ನೀರಿನ ಹರಿವು, ಗಿಡಮರಗಳ ಬೆಳವಣಿಗೆ, ಜನರ ನಡೆದಾಟ, ಇವೆಲ್ಲವನ್ನೂ ಒಂದು ಚಿತ್ರದಂತೆ ಹೊಂದಿಸುವ ವಿದ್ಯೆ ಅದು. ಈಚಿನವರು ಅದನ್ನು ಭೂದೃಶ್ಯ ವಿನ್ಯಾಸವೆಂದು ಕರೆಯುತ್ತಾರೆ.

ಈ ಹಂಬಲಕ್ಕೆ ಕಾರಣವಾದದ್ದು ಒಂದು ಸೋಲು. ನಮ್ಮ ಶಾಲೆ ಇರುವುದು ಶರಾವತಿ ಸಮುದ್ರ ಸೇರುವಲ್ಲಿಗೆ ಸಮೀಪದ ಒಂದು ಚಿರೇಕಲ್ಲಿನ ದಿಬ್ಬದ ಮೇಲೆ. ಶಾಲೆಯ ಮುಂದಿನ ಬರಿನೆಲವನ್ನು ತೋಟವಾಗಿ ಮಾಡುವ ಹೊಣೆಯನ್ನು, ಚಿತ್ರ ಬರೆಯಬಲ್ಲವನೆಂಬ ಒಂದೇ ಕಾರಣಕ್ಕೆ, ನನಗೆ ಒಪ್ಪಿಸಿದರು. ನಾನು ಬೆಂಗಳೂರಿನ ಉದ್ಯಾನಗಳ ಚಿತ್ರಗಳನ್ನು ಮುಂದಿಟ್ಟುಕೊಂಡು ನಕ್ಷೆ ಬರೆದೆ. ಹುಲ್ಲುಹಾಸು, ಗುಲಾಬಿಯ ಪಾತಿಗಳು, ದುಂಡಗಿನ ಒಂದು ಕಟ್ಟೆ. ಫೆಬ್ರವರಿಯಲ್ಲಿ ನೆಟ್ಟದ್ದು ಏಪ್ರಿಲಿನಲ್ಲಿ ಕಣ್ಣಿಗೆ ಹಬ್ಬವಾಗಿತ್ತು. ಮೃಗಶಿರ ಹಿಡಿದು ಆರ್ದ್ರೆ ಮುಗಿಯುವಷ್ಟರಲ್ಲಿ ಮೇಲುಮಣ್ಣೆಲ್ಲ ಕೊಚ್ಚಿಕೊಂಡು ಹೋಗಿ, ಕೆಳಗಿನ ಕೆಂಪುಕಲ್ಲು ಹಲ್ಲುಕಿರಿದಂತೆ ಕಾಣತೊಡಗಿತು. ಗುಲಾಬಿಯ ಬೇರುಗಳು ನಿಂತ ನೀರಿನಲ್ಲಿ ಕೊಳೆತುವು. ಉಳಿದ ಕೆಲವು ಗಿಡಗಳನ್ನು ಕಡಲಿನ ಉಪ್ಪುಗಾಳಿ ಸುಟ್ಟಿತು. ಮಕ್ಕಳು ಮನೆಯಿಂದ ತಂದು ಕೂಡಿಸಿದ ದುಡ್ಡು ಅದರಲ್ಲಿ ಸೇರಿತ್ತೆಂಬುದು ಇಂದಿಗೂ ನನ್ನನ್ನು ಚುಚ್ಚುವ ಸಂಗತಿ.

ಆ ವರ್ಷದ ಅಕ್ಟೋಬರ್ ರಜೆಯಲ್ಲಿ ಬೆಂಗಳೂರಿಗೆ ಹೋದವನು, ನಾನು ಕುರುಡಾಗಿ ಅನುಕರಿಸಿದ್ದ ಲಾಲ್‌ಬಾಗನ್ನು ಕಣ್ಣಾರೆ ನೋಡುವ ಮನಸ್ಸಾಗಿ ಅಲ್ಲಿಗೆ ನಡೆದೆ. ತೋಟದ ಮಗ್ಗುಲಿನ ರಸ್ತೆಗೆ ಕೃಂಬಿಗಲ್ ರಸ್ತೆ ಎಂಬ ಹೆಸರಿನ ಫಲಕ ಕಂಡಿತು. ಎಷ್ಟೋ ಸಲ ಓದಿದ್ದ ಹೆಸರು. ಆದರೆ ಅದು ಒಬ್ಬ ಮನುಷ್ಯನದೆಂದು, ಆ ಮನುಷ್ಯನೂ ಒಂದು ಕಾಲದಲ್ಲಿ ಏನೂ ತಿಳಿಯದೆ ಗುದ್ದಲಿ ಹಿಡಿದು ನಿಂತಿದ್ದಿರಬೇಕೆಂದು ಅಂದೇ ನನಗೆ ಹೊಳೆದದ್ದು. ಊರಿಗೆ ಮರಳಿದ ಮೇಲೆ ದೊರೆತ ಕಡೆಯಲ್ಲೆಲ್ಲ ಅವರ ಜೀವನವನ್ನು ಹುಡುಕಿ ಓದಿದೆ. ಅದನ್ನು ಇಲ್ಲಿ ಹೇಳುವುದಕ್ಕೆ, ಅವರು ದೊಡ್ಡವರೆಂಬುದಕ್ಕಿಂತ ಅವರು ಕಲಿತ ರೀತಿಯೇ ಮುಖ್ಯ ಕಾರಣ.

ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರು ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಡ್ರೆಸ್ಡೆನ್ ನಗರಕ್ಕೆ ಸಮೀಪದ ಲೋಮೆನ್ ಎಂಬ ಊರಿನಲ್ಲಿ. ಅಲ್ಲಿಯ ಸುತ್ತಮುತ್ತಲಿನ ಶಾಲೆಗಳಲ್ಲಿ ಓದಿ, ತೋಟಗಾರಿಕೆಯ ಮೊದಲ ಪಾಠಗಳನ್ನು ಎಲ್ಬೆ ನದಿಯ ದಡದ ಪಿಲ್ನಿಟ್ಸ್‌ನಲ್ಲಿ ಕಲಿತರು. ಪಿಲ್ನಿಟ್ಸ್‌ನ ಅರಮನೆಯ ತೋಟದಲ್ಲಿ ಜಪಾನ್ ಮೂಲದ ಕೆಮೀಲಿಯ ಮರವೊಂದಿದೆ. ಅದನ್ನು ಅಲ್ಲಿ ನೆಟ್ಟದ್ದು 1801ರಲ್ಲಿ. ಸ್ಯಾಕ್ಸನಿಯ ಹಿಮವನ್ನು ಅದು ತಾಳಲಾರದು. ಆದುದರಿಂದ ಪ್ರತಿ ಚಳಿಗಾಲಕ್ಕೂ ಅದರ ಸುತ್ತ ಒಂದು ಮನೆಯನ್ನೇ ನಿಲ್ಲಿಸಿ, ಒಳಗೆ ಬೆಚ್ಚಗಿರಿಸಿ, ವಸಂತ ಬಂದಾಗ ತೆಗೆಯುವುದು ವಾಡಿಕೆ. ಅಲ್ಲಿ ಕಲಿತ ಬಾಲಕನು ಆ ಮರವನ್ನು ನೋಡದೆ ಇದ್ದಿರಲಾರ. ಪರಸ್ಥಳದ ಒಂದು ಗಿಡವನ್ನು ತನ್ನ ನೆಲದಲ್ಲಿ ಉಳಿಸಿಕೊಳ್ಳುವುದಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆಂಬ ಪಾಠ ಅಲ್ಲಿ ವರ್ಷವರ್ಷವೂ ಕಣ್ಣೆದುರೇ ನಡೆಯುತ್ತಿತ್ತು. ನನ್ನ ಗುಲಾಬಿಗಳಿಗೆ ನಾನು ಯಾವ ಮನೆಯನ್ನು ಕಟ್ಟಿದ್ದೆ?

ಪಿಲ್ನಿಟ್ಸ್ ಬಿಟ್ಟ ಮೇಲೆ ಕೃಂಬಿಗಲ್ ಅವರು ಶ್ವೇರಿನ್ ಮತ್ತು ಹ್ಯಾಂಬುರ್ಗ್ ನಗರಗಳಲ್ಲಿ ಕೂಲಿಗೆ ದುಡಿದರು. 1888ರಲ್ಲಿ, ಇನ್ನೂ ಇಪ್ಪತ್ತಮೂರು ತುಂಬದಿದ್ದಾಗ, ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳನ್ನು ರಚಿಸುವ ಕೆಲಸ ದೊರೆಯಿತು. ಆ ಬಳಿಕ ಕ್ಯೂ ಎಂಬಲ್ಲಿಯ ರಾಜೋದ್ಯಾನವನ್ನು ಸೇರಿದರು. ಅಂದಿನ ಕಾಲದಲ್ಲಿ ಕ್ಯೂ ಎಂದರೆ ಸಸ್ಯಶಾಸ್ತ್ರಜ್ಞರಿಗೆ ಕಾಶಿಯಿದ್ದಂತೆ. ಭೂಮಂಡಲದ ಮೂಲೆಮೂಲೆಗಳಿಂದ ಗಿಡಗಳು ಅಲ್ಲಿಗೆ ಬರುತ್ತಿದ್ದವು. ಅಲ್ಲಿಂದ ಬೀಜಗಳೂ ಸಸಿಗಳೂ ತೋಟಗಾರರೂ ಬೇರೆ ಬೇರೆ ದೇಶಗಳಿಗೆ ಹೋಗುತ್ತಿದ್ದರು.

ಕ್ಯೂ ಉದ್ಯಾನದ ಶಿಕ್ಷಣಕ್ರಮವನ್ನು ನಮ್ಮ ಓದುಗರು, ವಿಶೇಷವಾಗಿ ಅಧ್ಯಾಪಕರು, ಗಮನಿಸಬೇಕು. ಅಲ್ಲಿಗೆ ಬರುತ್ತಿದ್ದವರು ಬೇರೆಡೆ ಆಗಲೇ ಕೆಲವು ವರ್ಷ ದುಡಿದು ಕೈ ಪಳಗಿಸಿಕೊಂಡಿದ್ದ ತರುಣರು. ಅವರಿಗೆ ವಾರದ ಸಂಬಳವಿತ್ತು, ಹಗಲೆಲ್ಲ ಮೈಮುರಿಯುವ ಕೆಲಸವಿತ್ತು. ಸಂಜೆಯ ಹೊತ್ತಿನಲ್ಲಿ ಸಸ್ಯಶಾಸ್ತ್ರ ಮೊದಲಾದ ವಿಷಯಗಳ ಉಪನ್ಯಾಸಗಳು. ಇದಲ್ಲದೆ ತೋಟಗಾರರು ತಮ್ಮತಮ್ಮಲ್ಲೇ ಕೂಡಿಕೊಂಡು ಪ್ರಬಂಧ ಓದಿ ಚರ್ಚಿಸುವ ಒಂದು ಸಂಘವೂ 1871ರಿಂದ ನಡೆದುಬಂದಿತ್ತು. ಬೆಳಗ್ಗೆ ತಾನು ನೀರೆರೆದ ಗಿಡದ ಕುಲಗೋತ್ರವನ್ನು ಸಂಜೆ ಪಾಠದಲ್ಲಿ ಕೇಳುವುದು. ಸಂಜೆ ಕೇಳಿದ್ದು ನಿಜವೋ ಎಂದು ಮರುದಿನ ಬೆಳಗ್ಗೆ ಆ ಗಿಡದ ಬಳಿಯೇ ನಿಂತು ನೋಡುವುದು. ಪುಸ್ತಕವು ಮಣ್ಣಿನಿಂದ ದೂರವಾಗಲಿಲ್ಲ, ಮಣ್ಣಿನ ಕೆಲಸವು ಬರಿಯ ಕೂಲಿಯಾಗಿ ಉಳಿಯಲಿಲ್ಲ. ಕೃಂಬಿಗಲ್ ಅವರ ವಿದ್ಯೆಯೆಲ್ಲ ಹೀಗೆ ಸಂಬಳದ ದುಡಿಮೆಯ ಬಿಡುವಿನಲ್ಲಿ ಬಂದದ್ದು.

ಈಗಿನ ಸ್ಥಿತಿ ಬೇರೆ. ನಮ್ಮ ದೇಶದಲ್ಲಿ ಭೂದೃಶ್ಯ ವಿನ್ಯಾಸದ ಸ್ನಾತಕೋತ್ತರ ಶಿಕ್ಷಣ ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯಲ್ಲಿ 1972ರಲ್ಲಿ ಮೊದಲಾಯಿತು. ಆ ಬಾಗಿಲನ್ನು ಹೊಗಬೇಕಾದರೆ ಮೊದಲು ವಾಸ್ತುಶಿಲ್ಪದಂಥ ಪದವಿಯೊಂದು ಕೈಯಲ್ಲಿರಬೇಕು. ತೋಟಗಾರಿಕೆಯ ಕಿರು ತರಬೇತಿಗಳನ್ನು ವಿಚಾರಿಸಿದಾಗ ನನ್ನ ವಯಸ್ಸು ಅಡ್ಡ ಬಂತು. ಮಾಸದ ಸಂಬಳವನ್ನು ಬಿಟ್ಟು, ಓದುವ ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಮತ್ತೆ ವಿದ್ಯಾರ್ಥಿಯಾಗಿ ದೂರದ ಊರಿನಲ್ಲಿ ಕೂರುವುದು ನನ್ನಂಥವನಿಗೆ ಸಾಧ್ಯವಿರಲಿಲ್ಲ. ಆದುದರಿಂದ ಕ್ಯೂನ ಆ ಸಂಜೆಯ ಪಾಠಗಳ ವೃತ್ತಾಂತವನ್ನು ಓದಿದಾಗ ನನಗೆ ಅಸೂಯೆಯೂ ಆಯಿತು, ಧೈರ್ಯವೂ ಬಂತು.

1893ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಮ್ಮ ಸಂಸ್ಥಾನದ ಉದ್ಯಾನಗಳಿಗಾಗಿ ಕೃಂಬಿಗಲ್ ಅವರನ್ನು ಕರೆಸಿಕೊಂಡರು. ಇಪ್ಪತ್ತೇಳು ವರ್ಷದ ತರುಣ ಗುಜರಾತಿನ ಬಿಸಿಲಿಗೆ ಬಂದು ಇಳಿದರು. ಎಲ್ಬೆಯ ದಡದಲ್ಲಿ ಕಲಿತದ್ದರಲ್ಲಿ ಎಷ್ಟು ಪಾಲು ಇಲ್ಲಿ ಉಪಯೋಗಕ್ಕೆ ಬಂದೀತು? ಅಲ್ಲಿ ಗಿಡವನ್ನು ಚಳಿಯಿಂದ ಕಾಪಾಡಬೇಕು, ಇಲ್ಲಿ ಬೇಸಗೆಯಿಂದ. ಅಲ್ಲಿ ಸೂರ್ಯನನ್ನು ಒಳಗೆ ಬರಮಾಡಿಕೊಳ್ಳಬೇಕು, ಇಲ್ಲಿ ನೆರಳನ್ನು ಕಟ್ಟಬೇಕು. ಕಲಿತದ್ದನ್ನು ಮರೆತು, ಮೊದಲಿನಿಂದ ತೊಡಗಿ, ಮಳೆಯ ಲೆಕ್ಕವನ್ನೂ ಮಣ್ಣಿನ ಗುಣವನ್ನೂ ದೇಶದ ಮರಗಳನ್ನೂ ಮತ್ತೊಮ್ಮೆ ಕಲಿಯದೆ ಗತಿಯಿರಲಿಲ್ಲ. ಹದಿನೈದು ವರ್ಷಗಳ ಕಾಲದ ಈ ಎರಡನೆಯ ವಿದ್ಯಾಭ್ಯಾಸ ಯಾವ ಪ್ರಮಾಣಪತ್ರದಲ್ಲಿಯೂ ದಾಖಲಾಗಿಲ್ಲ. ಆದರೆ ಅದಿಲ್ಲದಿದ್ದರೆ ಮುಂದಿನ ಬೆಂಗಳೂರಿನ ಕೃಂಬಿಗಲ್ ಇರುತ್ತಿರಲಿಲ್ಲ.

ಬೆಂಗಳೂರಿಗೆ ಅವರು ಬಂದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1908ರಲ್ಲಿ ಲಾಲ್‌ಬಾಗಿನ ಮೇಲ್ವಿಚಾರಣೆ ಅವರ ಕೈಗೆ ಬಂತು. ಆಗ ಅವರ ವಯಸ್ಸು ನಲವತ್ತೆರಡು. ಈ ಅಂಕೆಯನ್ನು ಕಂಡಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಲಾಲ್‌ಬಾಗು ಅವರ ಸೃಷ್ಟಿಯಲ್ಲ. ಹೈದರಾಲಿ 1760ರ ಸುಮಾರಿಗೆ ತೊಡಗಿಸಿ, ಟಿಪ್ಪು ಬೆಳೆಸಿ, ಅನಂತರ ಬ್ರಿಟಿಷರ ಕಾಲದಲ್ಲಿ ಹಲವರ ಆರೈಕೆ ಕಂಡ ತೋಟ ಅದು. ಇವರಿಗೆ ಮೊದಲು 1874ರಿಂದ ಅಲ್ಲಿದ್ದ ಜಾನ್ ಕ್ಯಾಮರಾನ್ ಅವರೂ ಕ್ಯೂನಿಂದ ಬಂದವರೇ. ನಾವು ಅಡುಗೆಯಲ್ಲಿ ಬಳಸುವ ಸೀಮೆಬದನೆಯನ್ನು ಬೆಂಗಳೂರಿಗೆ ತಂದವರು ಅವರು. ಹಿಂದಿನವರು ಕೂಡಿಸಿಟ್ಟ ಗಿಡಮರಗಳ ಸಂಪತ್ತಿಗೆ ನೋಟದ ಅಳತೆಯನ್ನೂ ಕ್ರಮವನ್ನೂ ಕೊಟ್ಟದ್ದು ಕೃಂಬಿಗಲ್ ಅವರ ಕೆಲಸ. 1912ರಲ್ಲಿ ಅವರ ಮುಂದಾಳುತನದಲ್ಲಿ ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ತೋಟವು ಅರಮನೆಯವರಿಗೂ ಅಧಿಕಾರಿಗಳಿಗೂ ಮಾತ್ರ ಸಲ್ಲುವುದಲ್ಲ, ಮನೆಮುಂದೆ ನಾಲ್ಕು ಅಡಿ ನೆಲವಿರುವ ಗೃಹಸ್ಥನಿಗೂ ಅದರ ವಿದ್ಯೆ ತಲುಪಬೇಕೆಂಬುದು ಅಂಥ ಸಂಘದ ಹಿಂದಿನ ಆಶಯ. ಕ್ಯೂನ ಸಂಜೆಗಳ ನೆನಪು ಅದರಲ್ಲಿ ಇದ್ದಿರಬಹುದೆಂದು ನನ್ನ ಊಹೆ.

ಬೆಂಗಳೂರಿನ ರಸ್ತೆಗಳ ಇಕ್ಕೆಲದ ಮರಗಳ ವಿಚಾರದಲ್ಲಿ ಅವರ ಹೆಸರಿನೊಡನೆ ಸೇರಿಕೊಂಡು ಬಂದ ಕಲ್ಪನೆಯೊಂದಿದೆ. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ನಗರದ ಒಂದಲ್ಲ ಒಂದು ಬೀದಿಯಲ್ಲಿ ಮರಗಳು ಹೂ ಹೊತ್ತಿರಬೇಕು. ಒಂದು ಜಾತಿ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು. ಇದನ್ನು ಸರದಿಯ ಹೂಬಿಡಿಕೆ ಎನ್ನಬಹುದು. ಕೇಳುವುದಕ್ಕೆ ಕವಿಯ ಕನಸಿನಂತಿದ್ದರೂ ಇದು ಲೆಕ್ಕದ ಕೆಲಸ. ಯಾವ ಮರ ಯಾವ ಪಕ್ಷದಲ್ಲಿ ಎಲೆ ಉದುರಿಸುತ್ತದೆ, ಎಷ್ಟು ದಿನ ಹೂವು ನಿಲ್ಲುತ್ತದೆ, ಎಷ್ಟು ಎತ್ತರಕ್ಕೆ ಹೋಗುತ್ತದೆ, ಬೇರು ಎಷ್ಟು ದೂರ ಹರಡುತ್ತದೆ, ಇದನ್ನೆಲ್ಲ ವರ್ಷಗಟ್ಟಲೆ ಬರೆದಿಟ್ಟವನು ಮಾತ್ರ ಮಾಡಬಲ್ಲ ಕೆಲಸ. ಚಿತ್ರಗಾರನಿಗೆ ಬಣ್ಣ ಕೂಡಲೇ ಹಾಳೆಯ ಮೇಲೆ ಕಾಣುತ್ತದೆ. ಉದ್ಯಾನಶಿಲ್ಪಿ ಇಂದು ಹಚ್ಚಿದ ಬಣ್ಣ ಕಾಣುವುದು ಹತ್ತು ಹದಿನೈದು ವರ್ಷಗಳ ಮೇಲೆ.

ಅವರ ಕೈಯ ಇನ್ನೊಂದು ಕೆಲಸವನ್ನು ಕನ್ನಡ ನಾಡಿನ ಶಾಲಾಮಕ್ಕಳೆಲ್ಲ ಪ್ರವಾಸದಲ್ಲಿ ನೋಡಿರುತ್ತಾರೆ. ಕೃಷ್ಣರಾಜಸಾಗರದ ಅಣೆಕಟ್ಟಿನ ಕೆಳಗಿನ ಬೃಂದಾವನ, ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ 1927ರಿಂದ 1932ರ ಅವಧಿಯಲ್ಲಿ ರೂಪುಗೊಂಡಿತು. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ ಕಣ್ಣಮುಂದಿತ್ತು. ವಿನ್ಯಾಸದಲ್ಲಿ ಕೃಂಬಿಗಲ್ ಅವರ ಕೈಯಿತ್ತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಂಗಳಗಳಲ್ಲಿ ನೀರು ಒಂದರಿಂದ ಇನ್ನೊಂದಕ್ಕೆ ಹರಿದು ಬರುತ್ತದೆ. ದೀಪಗಳನ್ನೂ ಕಾರಂಜಿಗಳನ್ನೂ ಮರೆತು ಒಮ್ಮೆ ನೋಡಿದರೆ, ಇಡೀ ರಚನೆ ನಿಂತಿರುವುದು ಇಳಿಜಾರನ್ನು ಒಪ್ಪಿಕೊಂಡದ್ದರ ಮೇಲೆ ಎಂಬುದು ತಿಳಿಯುತ್ತದೆ. ನಾನು ನಮ್ಮ ದಿಬ್ಬದ ಇಳಿಜಾರನ್ನು ಮಣ್ಣು ತುಂಬಿಸಿ ಮುಚ್ಚಲು ಹೋಗಿದ್ದೆ.

ಇಷ್ಟೆಲ್ಲ ಸೇವೆ ಸಲ್ಲಿಸಿದ ಮನುಷ್ಯನಿಗೆ ಕಹಿಯೂ ತಪ್ಪಲಿಲ್ಲ. ಮಹಾಯುದ್ಧಗಳ ಕಾಲದಲ್ಲಿ ಅವರು ಶತ್ರುದೇಶದಲ್ಲಿ ಹುಟ್ಟಿದವರೆಂಬ ಕಾರಣಕ್ಕೆ ಬಂಧನದ ಶಿಬಿರವನ್ನು ಕಾಣಬೇಕಾಯಿತು. ತಾನು ನೆಟ್ಟ ಮರಗಳ ನೆರಳಿನಲ್ಲಿ ಊರೆಲ್ಲ ಓಡಾಡುತ್ತಿರುವಾಗ ತಾನು ಮಾತ್ರ ಬೇಲಿಯೊಳಗೆ ಇರಬೇಕಾದವನ ಮನಸ್ಸು ಹೇಗಿದ್ದಿರಬೇಕು! ಆದರೂ ಅವರು ಈ ನಾಡನ್ನು ಬಿಟ್ಟುಹೋಗಲಿಲ್ಲ. 1932ರಲ್ಲಿ ನಿವೃತ್ತರಾದ ಮೇಲೂ ಬೆಂಗಳೂರಿನಲ್ಲೇ ಉಳಿದರು. ಅವರ ಸ್ಥಾನಕ್ಕೆ ಬಂದ ಎಚ್. ಸಿ. ಜವರಾಯರು ಆ ಪದವಿಯನ್ನು ವಹಿಸಿದ ಮೊದಲ ಭಾರತೀಯರು; ಕೃಂಬಿಗಲ್ ಅವರ ಕೈಕೆಳಗೆ ಪಳಗಿದವರು, ಕ್ಯೂನಲ್ಲಿಯೂ ಕಲಿತುಬಂದವರು. ದುಡಿಯುತ್ತ ಕಲಿತವರಿಂದ ದುಡಿಯುತ್ತ ಕಲಿಯುವವರಿಗೆ ವಿದ್ಯೆ ದಾಟಿತು. ಕೃಂಬಿಗಲ್ ಅವರು 1956ರ ಫೆಬ್ರವರಿ 8ರಂದು, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನೊಳಗೆ ಅವರ ಹೆಸರನ್ನು ಹೊತ್ತಿದ್ದ ಹಳೆಯ ಸಭಾಭವನ ಬಹುಕಾಲ ಶಿಥಿಲವಾಗಿದ್ದು 2017ರಲ್ಲಿ ಕುಸಿಯಿತು. ಕಟ್ಟಡಕ್ಕಿಂತ ಮರಗಳೇ ಅವರ ಹೆಸರನ್ನು ಚೆನ್ನಾಗಿ ಉಳಿಸಿಕೊಂಡಿವೆ.

ಆದರೆ ಹಿರಿಯರನ್ನು ಗೌರವಿಸುವುದೆಂದರೆ ಅವರು ಮಾಡಿದ್ದನ್ನೆಲ್ಲ ಹಾಗೆಯೇ ಮಾಡುವುದಲ್ಲ. ಅವರ ಕಾಲದವರು ಹೂವಿನ ಬಣ್ಣಕ್ಕೆ ಮರುಳಾಗಿ ದೂರದೇಶಗಳ ಮರಗಳನ್ನು ಧಾರಾಳವಾಗಿ ತಂದರು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಾಂಡ ದಕ್ಷಿಣ ಅಮೆರಿಕದ್ದು. ನಮ್ಮ ಹಕ್ಕಿ ಹುಳುಗಳ ಬಾಳು ನಮ್ಮ ನಾಡಮರಗಳನ್ನು ನೆಚ್ಚಿಕೊಂಡಿದೆಯೆಂದು ಇಂದಿನ ತಿಳಿವಳಿಕೆ ಹೇಳುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಮೇಲಿರುವ ಬೆಂಗಳೂರಿನಲ್ಲಿ ಒಪ್ಪಿದ್ದು, ಅದರ ಮೂರು ಪಾಲಿಗೂ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಒಪ್ಪಬೇಕೆಂದೂ ಇಲ್ಲ. ನಾನು ಕೃಂಬಿಗಲ್ ಅವರ ತೋಟವನ್ನು ಅನುಕರಿಸಿದ್ದೆ. ಅನುಕರಿಸಬೇಕಾದದ್ದು ಅವರ ಕಲಿಕೆಯನ್ನು. ಪ್ರತಿಯೊಂದು ಊರಿನಲ್ಲಿಯೂ ಅವರು ಮತ್ತೆ ಮೊದಲನೆಯ ತರಗತಿಯಲ್ಲಿ ಕುಳಿತರು. ಈ ಮಾತು ಮನಸ್ಸಿಗೆ ಇಳಿದ ದಿನ ನನಗೆ ದಾರಿ ಕಂಡಿತು.

ಮೊದಲು ಒಂದು ದಪ್ಪ ಪುಸ್ತಕವನ್ನು ಕೊಂಡು, ಹೊನ್ನಾವರದಿಂದ ನನ್ನ ಹುಟ್ಟೂರಾದ ಕುಮಟಾ ಕಡೆಗೂ, ಹೆಂಡತಿಯ ತವರಾದ ಭಟ್ಕಳದ ಕಡೆಗೂ ಹೋಗಿ ಬರುವಾಗ ಕಂಡ ಮರಗಳ ಹೂಬಿಡುವ ಕಾಲವನ್ನು ಬರೆಯತೊಡಗಿದೆ. ಎರಡು ವರ್ಷಗಳಲ್ಲಿ ನಮ್ಮದೇ ಒಂದು ಸರದಿ ಮೂಡಿತು. ಮಾಘ ಫಾಲ್ಗುಣಗಳಲ್ಲಿ ಮುತ್ತುಗ ಮತ್ತು ಸುರಗಿ. ಚೈತ್ರ ವೈಶಾಖಗಳಲ್ಲಿ ಕಕ್ಕೆ, ಹೊಂಗೆ, ರೆಂಜೆ, ಹೊಳೆಯ ಬದಿಯಲ್ಲಿ ಹೊಳೆದಾಸವಾಳ. ಮಳೆ ಹಿಡಿದ ಮೇಲೆ ಕದಂಬ, ತೋಡಿನ ಅಂಚಿನಲ್ಲಿ ಕೇದಗೆ. ಭಾದ್ರಪದದಲ್ಲಿ ಬೇಲಿಯ ಮೇಲೆ ಗೌರಿ ಹೂ. ಮಳೆ ಕಳೆದ ಮೇಲೆ ಹಾಲೆಮರ. ಹೆದ್ದಾರಿಯನ್ನು ಅಗಲಗೊಳಿಸಿದಾಗ ಈ ಮೂರು ತಾಲ್ಲೂಕುಗಳಲ್ಲಿಯೂ ದಾರಿಬದಿಯ ಹಳೆಯ ಮರಗಳು ಹೋದವು. ಮುಂದೆ ಯಾರಾದರೂ ಮತ್ತೆ ನೆಡುವುದಾದರೆ ಈ ಪಟ್ಟಿ ಉಪಯೋಗಕ್ಕೆ ಬಂದೀತೆಂಬ ಆಸೆ ನನಗಿದೆ.

ನೀರಿನ ಪಾಠವನ್ನು ಕಲಿಸಿದವರು ಭಟ್ಕಳದ ನಮ್ಮ ಅತ್ತೆಯವರು. ಅವರು ಹಿತ್ತಲಿನಲ್ಲಿ ಮಲ್ಲಿಗೆ ಬೆಳೆದು ಮಾರಿ ನಾಲ್ಕು ಮಕ್ಕಳನ್ನು ಓದಿಸಿದವರು. ಗಿಡಗಳ ಸಾಲಿಗೆ ಬಸಿಗಾಲುವೆ ತೆಗೆಯದೆ ಅವರು ಒಂದು ಬುಡವನ್ನೂ ನೆಡುವುದಿಲ್ಲ. ಮಳೆಗಾಲಕ್ಕೆ ಮೊದಲು, ಗಾಳಿ ಬೀಸುವ ದಿಕ್ಕಿಗೆ ಮಡಲಿನ ತಟ್ಟಿ ಕಟ್ಟುತ್ತಾರೆ. ಅದನ್ನು ಕಂಡಾಗ ನನಗೆ ಪಿಲ್ನಿಟ್ಸ್‌ನ ಕೆಮೀಲಿಯದ ಮನೆ ನೆನಪಾಯಿತು. ನನ್ನ ಶಾಲೆಯ ತೋಟದ ಕಥೆಯನ್ನು ಕೇಳಿ ಅವರು ನಗಲಿಲ್ಲ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತೆಂದು ಮಾತ್ರ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ಹುಡುಕಲು ಒಂದು ಮಳೆಗಾಲವಿಡೀ ಬೇಕಾಯಿತು. ಕೊಡೆ ಹಿಡಿದು ದಿಬ್ಬದ ಮೇಲೆ ನಿಂತು ನೀರಿನ ದಾರಿಗಳನ್ನು ನಕ್ಷೆಗೆ ಇಳಿಸಿದೆ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಕೊಳವೆಯನ್ನು ತಂದು ಒಂಬತ್ತನೆಯ ತರಗತಿಯ ಮಕ್ಕಳೊಡನೆ ಇಳಿಜಾರನ್ನು ಅಳೆದೆ. ಆ ಬೇಸಗೆಯಲ್ಲಿ ಚಿರೇಕಲ್ಲಿನಿಂದ ಮೂರು ಸಣ್ಣ ಮೆಟ್ಟಿಲಂಗಳಗಳನ್ನು ಕಟ್ಟಿ, ಪ್ರತಿಯೊಂದು ಗೋಡೆಗೂ ನೀರು ಹೊರಬೀಳುವ ಕಂಡಿಗಳನ್ನು ಬಿಡಿಸಿದೆವು. ಕಡಲ ಕಡೆಗೆ ಗಾಳಿಯನ್ನು ತಡೆಯಲು ಸುರಹೊನ್ನೆ. ಒಳಗೆ ರೆಂಜೆ, ಸುರಗಿ, ಕಕ್ಕೆ. ಹುಲ್ಲುಹಾಸನ್ನು ಬಿಟ್ಟೆವು; ಮಳೆಗೆ ತಾನಾಗಿ ಬರುವ ಹುಲ್ಲು ಸಾಕೆಂದುಕೊಂಡೆವು. ಕಳೆದ ಮಳೆಗಾಲದಲ್ಲಿ ಒಂದು ಗೋಡೆಯ ಮೂಲೆ ಜಾರಿದ್ದು ನಿಜ; ಮಣ್ಣು ಮಾತ್ರ ಉಳಿಯಿತು, ಸಸಿಗಳೂ ಹೆಚ್ಚಿನವು ಉಳಿದವು.

ವೃತ್ತಿಯ ವಿಚಾರ? ನಾನು ಇನ್ನೂ ಚಿತ್ರಕಲೆಯ ಅಧ್ಯಾಪಕನೇ. ರಜೆಯ ದಿನಗಳಲ್ಲಿ ಇಬ್ಬರು ಮೂವರ ಮನೆಯಂಗಳಗಳಿಗೆ ನಕ್ಷೆ ಮಾಡಿಕೊಟ್ಟಿದ್ದೇನೆ. ಅದರಲ್ಲಿ ಒಬ್ಬರು ಹಣವನ್ನೂ ಕೊಟ್ಟರು. ಸಂಜೆಗಳಲ್ಲಿ ಸಸ್ಯಶಾಸ್ತ್ರವನ್ನು ನನ್ನ ಮಗಳ ಪಠ್ಯಪುಸ್ತಕದಿಂದ ಓದುತ್ತಿದ್ದೇನೆ. ತಿಳಿಯದ ಕಡೆ ಅವಳೇ ಹೇಳಿಕೊಡುತ್ತಾಳೆ. ನಾವು ನೆಟ್ಟ ಸುರಗಿ ಈಗ ನನ್ನ ಮೊಣಕಾಲಿನ ಎತ್ತರಕ್ಕೆ ಬಂದಿದೆ. ಅದು ಹೂ ಬಿಡುವಷ್ಟರಲ್ಲಿ ನಾನು ನಿವೃತ್ತನಾಗಿರುತ್ತೇನೆ. ಆಗ ಬಂದು ನೋಡುವುದಕ್ಕೆ ಮುಖ್ಯೋಪಾಧ್ಯಾಯರ ಅಪ್ಪಣೆಯನ್ನು ಈಗಲೇ ಕೇಳಿಟ್ಟಿದ್ದೇನೆ.